ಕರಿ ನಾಯಿ ಕಂಬಳಿಯಂತೆ ಕಾಣಬಾರದೆಂದರೆ

ಹೋದ ತಿಂಗಳು ಚಿಕ್ಕಮ್ಮ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಸೋಫಾ ಮೇಲೆ ಯಾರೋ ಕರಿ ಕಂಬಳಿ ಉಂಡೆ ಮಾಡಿ ಎಸೆದ ಹಾಗಿತ್ತು. ಕಂಬಳಿಗೆ ಎರಡು ಹಸಿರು ಬಲ್ಬು ಬೇರೆ. ಕೆಳಗೆ ‘ನಮ್ಮ ಕರಿಯ ಎಷ್ಟು ತುಂಟ ನೋಡು’ ಎಂದು ಬರೆದಿದ್ದರು. ಕರಿಯ ಅಂದರೆ ಅವರ ನಾಯಿ, ತುಂಟ ಹೌದು. ಗೇಟಿನ ಸದ್ದಾದರೆ ಸಾಕು, ಬಾಯಲ್ಲಿ ಒಂದು ಚಪ್ಪಲಿ ಕಚ್ಚಿಕೊಂಡು ಓಡಿ ಬಂದು, ಬಂದವರಿಗೆ ಅದನ್ನು ತೋರಿಸಿ, ಅವರು ಕೈ ಚಾಚಿದಾಗ ಕೊಡದೆ ವಾಪಸ್ ಒಯ್ಯುವ ಆಸಾಮಿ. ಫೋಟೋದಲ್ಲಿ ಅದ್ಯಾವುದೂ ಇರಲಿಲ್ಲ.

ಚಿಕ್ಕಮ್ಮ ಒಬ್ಬರೇ ಅಲ್ಲ, ಬಹಳ ಜನ ಹೀಗೇ ಮಾಡುತ್ತಾರೆ. ನಿಂತಲ್ಲಿಂದಲೇ ಫೋನ್ ಬಗ್ಗಿಸಿ, ಹೆಸರು ಹಿಡಿದು ಹತ್ತು ಸಲ ಕೂಗಿ, ಫ್ಲ್ಯಾಶ್ ಹೊಡೆದು, ‘ಇದು ಫೋಟೋಗೆ ನಿಲ್ಲೋದೇ ಇಲ್ಲ’ ಎಂದು ನಾಯಿಯನ್ನೇ ಬೈಯುತ್ತಾರೆ. ಫೋನಿನಲ್ಲೇ ನಾಯಿ, ಬೆಕ್ಕಿನ ಒಳ್ಳೆ ಫೋಟೋ ತೆಗೆಯಲು ಆರು ಹಂತ ಸಾಕು.

ಹಂತ 1. ಫೋನಿನ ಲೆನ್ಸ್ ಒರೆಸಿ. ಹಳೇ ಕಾಟನ್ ಪಂಚೆಯ ತುಂಡು ಸಾಕು.

ಹಂತ 2. ಏನನ್ನು ತೆಗೆಯುತ್ತೀರಿ ಅಂತ ಮೊದಲೇ ಗೊತ್ತಿರಲಿ. ‘ನಾಯಿಯ ಫೋಟೋ’ ಅನ್ನುವುದು ಉತ್ತರ ಅಲ್ಲ. ಒಂದು ದಿನ ಫೋನ್ ಬದಿಗಿಟ್ಟು ಅದನ್ನೇ ನೋಡಿ. ನಮ್ಮ ಮನೆಯ ಬೆಕ್ಕು ಕುಕ್ಕರ್ ಮೂರನೇ ಸೀಟಿ ಹಾಕುವವರೆಗೆ ಕಟ್ಟೆಯ ಮೇಲೇ ಇದ್ದು, ಆಮೇಲೆ ಇಳಿದು ಫ್ರಿಜ್ ಹಿಂದೆ ಹೋಗುತ್ತದೆ. ಒಂದು, ಎರಡನೇ ಸೀಟಿಗೆ ಕಿವಿಯನ್ನಷ್ಟೇ ತಿರುಗಿಸುತ್ತದೆ. ಆ ತಿರುಗಿದ ಕಿವಿಯೇ ಫೋಟೋ. ಬರ್ತ್‌ಡೇ ಅಂತ ಟೋಪಿ, ಕೂಲಿಂಗ್ ಗ್ಲಾಸ್ ತೊಡಿಸಿ ತೆಗೆದರೆ ಅದು ಟೋಪಿಯ ಫೋಟೋ ಆಗುತ್ತದೆ, ದಯವಿಟ್ಟು ಬೇಡ.

ಹಂತ 3. ಬೆಳಕು. ಎಲ್ಲರೂ ಎಡವುವುದು ಇಲ್ಲೇ, ಅದರಲ್ಲೂ ನಾಯಿ ಕಪ್ಪಾಗಿದ್ದರೆ.

ಕ್ಯಾಮೆರಾಗೆ ನಿಮ್ಮ ನಾಯಿ ಕಪ್ಪು ಅನ್ನುವುದು ಗೊತ್ತಿಲ್ಲ. ಎದುರಿಗೆ ಏನೇ ಇಟ್ಟರೂ ಒಟ್ಟಾರೆ ಬೆಳಕು ನಡುಮಟ್ಟದ ಬೂದು ಬಣ್ಣದಷ್ಟಿರಲಿ ಎಂದು ಅದು ಲೆಕ್ಕ ಹಾಕುತ್ತದೆ. ಹಾಗಾಗಿ ಕರಿ ನಾಯಿ ಚೌಕಟ್ಟು ತುಂಬ ಇದ್ದರೆ, ಕತ್ತಲೆ ಜಾಸ್ತಿ ಇದೆ ಅಂದುಕೊಂಡು ಎಲ್ಲವನ್ನೂ ಬೆಳಗಿಸಿಬಿಡುತ್ತದೆ. ನಾಯಿ ಬೂದಿಯಲ್ಲಿ ಹೊರಳಾಡಿ ಬಂದ ಹಾಗೆ ಕಾಣುತ್ತದೆ. ಅದೇ ನಾಯಿ ಬಿಸಿಲು ಬಿದ್ದ ಅಂಗಳದಲ್ಲೋ ಬಿಳಿ ಗೋಡೆಯ ಮುಂದೋ ಚಿಕ್ಕದಾಗಿ ನಿಂತಿದ್ದರೆ ಲೆಕ್ಕ ತಿರುಗಾ ಮುರುಗಾ. ಸುತ್ತಲಿನ ಬೆಳಕು ನೋಡಿ ಕ್ಯಾಮೆರಾ ಎಲ್ಲವನ್ನೂ ಮಂಕು ಮಾಡುತ್ತದೆ, ನಾಯಿ ಮಸಿಯ ಕಲೆಯಾಗುತ್ತದೆ. ಎರಡೂ ಒಂದೇ ತಪ್ಪಿನ ಎರಡು ಮುಖ.

ಮದ್ದು ಸುಲಭ. ಪರದೆಯ ಮೇಲೆ ನಾಯಿಯ ಮುಖವನ್ನು ಒತ್ತಿ. ಸಾಮಾನ್ಯವಾಗಿ ಪಕ್ಕದಲ್ಲಿ ಒಂದು ಸೂರ್ಯನ ಗುರುತು ಬರುತ್ತದೆ. ಬೂದಿ ಬಣ್ಣ ಬಂದಿದ್ದರೆ ಅದನ್ನು ಮೆಲ್ಲಗೆ ಕೆಳಗೆ ಎಳೆಯಿರಿ, ಮೈ ಕಪ್ಪಾದರೂ ಕೂದಲಿನ ಎಳೆ ಕಾಣುತ್ತಿರಬೇಕು, ಅಲ್ಲಿಗೆ ನಿಲ್ಲಿಸಿ. ಮಸಿಯಾಗಿದ್ದರೆ ಸೂರ್ಯನನ್ನು ಮೇಲೆಳೆದು ಗುದ್ದಾಡಬೇಡಿ, ಜಾಗ ಬದಲಿಸಿ. ಬಿಳಿ ನಾಯಿಗೆ ಎಲ್ಲ ಉಲ್ಟಾ. ಮಂಕಾಗಿ ಬಂದರೆ ಸ್ವಲ್ಪ ಮೇಲೆಳೆಯಬೇಕು, ಆದರೆ ಜಾಸ್ತಿ ಎಳೆದರೆ ಸುಣ್ಣದ ಗೋಡೆ.

ಜಾಗ ಅಂದರೆ, ನನ್ನ ಪ್ರಕಾರ ಹೊಸ್ತಿಲಿಗಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ನಾಯಿ ಬಾಗಿಲ ಒಳಗೆ, ನೆರಳಲ್ಲಿ, ಮುಖ ಹೊರಗೆ. ನೀವು ಹೊರಗೆ, ಬಾಗಿಲ ಒಂದು ಬದಿಗೆ, ಅದಕ್ಕೆ ಬರುವ ಬೆಳಕಿಗೆ ಅಡ್ಡ ಬರದ ಹಾಗೆ. ಆಕಾಶದ ಬೆಳಕು ಮುಖಕ್ಕೆ ಬೀಳುತ್ತದೆ, ಹಿಂದಿನ ಕೋಣೆ ತಾನಾಗಿ ಮಬ್ಬಾಗುತ್ತದೆ. ಮುಖವನ್ನು ಒಂಚೂರು ಓರೆ ಮಾಡಿಸಿದರೆ ಕೆನ್ನೆಯ ಕೂದಲಿಗೆ ಹೊಳಪು ಬರುತ್ತದೆ, ಕಪ್ಪಿನೊಳಗೆ ಹುಬ್ಬು, ಮೂತಿ, ಗಲ್ಲ ಬೇರೆ ಬೇರೆಯಾಗಿ ಕಾಣಲು ಶುರುವಾಗುತ್ತವೆ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇದ್ದರೆ ಅದೃಷ್ಟ, ಕೆಳಗಿನಿಂದಲೂ ಒಂದಿಷ್ಟು ಬೆಚ್ಚನೆಯ ಬೆಳಕು ಸಿಗುತ್ತದೆ.

ಆಮೇಲೆ ಕಣ್ಣು ನೋಡಿ. ಕಪ್ಪು ಮುಖದಲ್ಲಿ ಕಪ್ಪು ಕಣ್ಣು ಕರಗಿಹೋಗುತ್ತದೆ. ಅದರಲ್ಲಿ ಬಾಗಿಲೋ ಕಿಟಕಿಯೋ ಒಂದು ಬಿಳಿ ಚುಕ್ಕೆಯಾಗಿ ಮಿನುಗಬೇಕು. ಆ ಚುಕ್ಕೆ ಇಲ್ಲದಿದ್ದರೆ ಬಟನ್ ಒತ್ತಲೇಬೇಡಿ, ನಾಯಿ ಎರಡಿಂಚು ತಲೆ ಎತ್ತುವವರೆಗೆ ಕಾಯಿರಿ.

ಫ್ಲ್ಯಾಶ್ ಬೇಡವೇ ಬೇಡ. ನಾಯಿ, ಬೆಕ್ಕುಗಳ ಕಣ್ಣಿನೊಳಗೆ, ಹಿಂಬದಿಯಲ್ಲಿ, ಕನ್ನಡಿಯಂಥ ಒಂದು ಪದರ ಇದೆ, ಕತ್ತಲಲ್ಲಿ ಅವಕ್ಕೆ ಚೆನ್ನಾಗಿ ಕಾಣಲು ಅದೂ ಒಂದು ಕಾರಣ. ಫ್ಲ್ಯಾಶ್ ಅದಕ್ಕೆ ಬಡಿದು ವಾಪಸ್ ಬರುತ್ತದೆ. ಚಿಕ್ಕಮ್ಮನ ಹಸಿರು ಬಲ್ಬು ಅದೇ. ಮನೆಯ ಟ್ಯೂಬ್‌ಲೈಟೂ ಸಾಲದು, ನಾಯಿ ಬಾಲ ಅಲ್ಲಾಡಿಸಿದರೆ ಬಾಲದ ಜಾಗದಲ್ಲಿ ಹೊಗೆ ಬರುತ್ತದೆ. ಕ್ಲಿಪ್ ಹಾಕುವ ಅಗ್ಗದ ರಿಂಗ್ ಲೈಟ್ ನಾನೂ ತರಿಸಿದ್ದೆ. ಕಣ್ಣಲ್ಲಿ ಬಳೆ ಹಾಕಿದ ಹಾಗೆ ಕಾಣುತ್ತಿತ್ತು, ಎರಡೇ ವಾರಕ್ಕೆ ಕ್ಲಿಪ್ ಮುರಿಯಿತು. ಆ ದುಡ್ಡಲ್ಲಿ ನಾಯಿಗೆ ಮೊಟ್ಟೆ ತನ್ನಿ.

ಹಂತ 4. ಕೂತುಕೊಳ್ಳಿ, ಆಗದಿದ್ದರೆ ಮಲಗಿ. ಫೋನು ಅದರ ಕಣ್ಣಿನ ಮಟ್ಟಕ್ಕೆ ಬರಬೇಕು. ಮಂಡಿ ನೋವಿದ್ದವರು ಫೋನನ್ನು ತಲೆಕೆಳಗೆ ಹಿಡಿದರೆ ಲೆನ್ಸ್ ನೆಲದ ಹತ್ತಿರ ಹೋಗುತ್ತದೆ, ಅರ್ಧ ಕೆಲಸ ಆಯಿತು. ಮೂತಿಗೇ ಫೋನ್ ಹಿಡಿದರೆ ಮೂಗು ಬದನೆಕಾಯಿಯಷ್ಟಾಗುತ್ತದೆ, ಒಂದು ಮಾರು ದೂರ ಇರಿ. ಹಿನ್ನೆಲೆಯನ್ನು ಮಬ್ಬು ಮಾಡುವ ಪೋರ್ಟ್ರೇಟ್ ಮೋಡ್ ನನಗೆ ಆಗಿ ಬರುವುದಿಲ್ಲ. ಬೆಕ್ಕಿನ ಮೀಸೆಯನ್ನು ಕತ್ತರಿಸಿ ಹಾಕುತ್ತದೆ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಎದುರಿನಿಂದ ತೆಗೆಯಬೇಡಿ, ಬರೀ ಮೂತಿ ಬರುತ್ತದೆ. ಉದ್ದ ಕತ್ತು, ಆಳದ ಎದೆ, ಒಳಗೆ ಹೋದ ಹೊಟ್ಟೆ ಕಾಣುವುದು ಪಕ್ಕದಿಂದ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ಅದು, ಸ್ವಲ್ಪ ಗೌರವ ಕೊಡಿ. ಓಡುವಾಗ ತೆಗೆಯುವುದಾದರೆ ಒಳ್ಳೆ ಬಿಸಿಲಿರಲಿ, ನಿಮ್ಮ ಕಡೆಗಲ್ಲ, ಅಡ್ಡಕ್ಕೆ ಓಡಲಿ. ಶಟರ್ ವೇಗವನ್ನು ನಾವೇ ಹೊಂದಿಸಬಹುದಾದ ಕ್ಯಾಮೆರಾ ಇದ್ದರೆ ಅದನ್ನು 1/1000 ಸೆಕೆಂಡಿಗೆ ಇಡಿ.

ಹಂತ 5. ಹೆಸರು ಕೂಗುವುದು ಬಿಟ್ಟುಬಿಡಿ. ಕೂಗಿದರೆ ಎದ್ದು ನಿಮ್ಮ ಹತ್ತಿರವೇ ಬರುತ್ತದೆ, ಪಾಪ, ಅದಕ್ಕೆ ಕಲಿಸಿದ್ದೇ ಹಾಗಲ್ವಾ. ಹೊಸ ಸದ್ದು ಮಾಡಿ. ಚಕ್ಕುಲಿ ಪ್ಯಾಕೆಟ್ ಒಂದು ಸಲ ಚರಪರ ಅನ್ನಿಸಿ, ಕಿವಿ ನೆಟ್ಟಗಾಗುತ್ತದೆ, ಆಗಲೇ ಒಂದರ ಹಿಂದೊಂದು ಹತ್ತು ಫೋಟೋ ತೆಗೆಯಿರಿ. ಹಲವು ಫೋನಿನಲ್ಲಿ ಬಟನ್ ಒತ್ತಿ ಹಿಡಿದರೆ ಸಾಕು, ಹೊಸ ಐಫೋನಿನಲ್ಲಿ ಎಡಕ್ಕೆ ಎಳೆದು ಹಿಡಿಯಬೇಕು. ಅದೇ ಸದ್ದು ನಾಲ್ಕನೇ ಸಲಕ್ಕೆ ಕೆಲಸ ಮಾಡುವುದಿಲ್ಲ. ಲಂಚಕ್ಕೆ ಚಪಾತಿ ಚೂರು ಕೊಡಿ, ಚಾಕೊಲೇಟ್, ದ್ರಾಕ್ಷಿ ನಾಯಿಗೆ ವಿಷ. ಹಸಿವಿಲ್ಲದೆ ತುಟಿ ನೆಕ್ಕುವುದು, ಸುಮ್ಮಸುಮ್ಮನೆ ಆಕಳಿಸುವುದು, ಮುಖ ತಿರುಗಿಸುವುದು ಶುರುವಾದರೆ ಅದಕ್ಕೆ ಸಾಕಾಗಿದೆ ಅಂತ ಅರ್ಥ. ಫೋನ್ ಒಳಗಿಡಿ.

ಹಂತ 6. ಇನ್ನೂರರಲ್ಲಿ ಒಂದೇ ಒಂದು ಇಟ್ಟುಕೊಂಡು ಅದನ್ನು ಕಳಿಸಿ. ಸುಮ್ನೆ ಹಾಗೇ ಕಳಿಸಿದರೆ ವಾಟ್ಸಾಪ್ ಫೋಟೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಎಚ್‌ಡಿ ಆರಿಸಿ ಅಥವಾ ಡಾಕ್ಯುಮೆಂಟ್ ಆಗಿ ಕಳಿಸಿ. ಹಿಂದೆ ಗೇಟಿನ ನಂಬರು, ಗಾಡಿಯ ನಂಬರು ಬಂದಿದ್ದರೆ ಕತ್ತರಿಸಿ. ಕೆಳಗೆ ‘ನನ್ನ ಮುದ್ದು ಬಂಗಾರ’ ಎಂದು ಬರೆಯಬೇಡಿ, ಎಲ್ಲರ ನಾಯಿಯೂ ಮುದ್ದು ಬಂಗಾರವೇ. ಅದು ಮಾಡಿದ್ದನ್ನು ಬರೆಯಿರಿ.

ಚಿಕ್ಕಮ್ಮ ಮೊನ್ನೆ ಇನ್ನೊಂದು ಕಳಿಸಿದ್ದಾರೆ. ಹೊಸ್ತಿಲು, ಬೆಳಗ್ಗೆ ಎಂಟರ ಬೆಳಕು, ಕಣ್ಣಲ್ಲಿ ಚುಕ್ಕೆ, ಬಾಯಲ್ಲಿ ಚಿಕ್ಕಪ್ಪನ ಎಡಗಾಲಿನ ಚಪ್ಪಲಿ. ಕೆಳಗೆ ಬರೆದದ್ದು ಇಷ್ಟೇ: ‘ತೋರಿಸ್ತಾನೆ, ಕೊಡಲ್ಲ.’