ಮೆಷಿನ್ ನೀರು ಬಾಳೆಗೆ, ಎಸಿ ನೀರು ಮಲ್ಲಿಗೆಗೆ: ನನ್ನ ಅನುಭವ

ನಮ್ಮ ಮನೆ ಉಡುಪಿ ಹತ್ತಿರದ ಪರ್ಕಳದಲ್ಲಿ. 12 ಸೆಂಟ್ಸ್ ಜಾಗ. ಅದರಲ್ಲಿ ಮನೆ, ಅಂಗಳ, ಬಾವಿ ಹೋಗಿ ಉಳಿದದ್ದು ಹಿತ್ತಿಲು. ನಾಲ್ಕು ಬಾಳೆ, ಎರಡು ತೆಂಗು, ಒಂದು ಬಸಳೆ ಚಪ್ಪರ, ಒಂದು ತೊಂಡೆ ಚಪ್ಪರ, ಅಂಗಳದ ಬದಿಯ ಚಟ್ಟಿಗಳಲ್ಲಿ ಶಂಕರಪುರದಿಂದ ತಂದ ಮಲ್ಲಿಗೆ. ಇಷ್ಟೇ ನನ್ನ ತೋಟ.

ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ ಅಂದರೆ ಘಟ್ಟದ ಮೇಲಿನ ನೆಂಟರು ನಿಮಗೆ ನೀರಿನ ಚಿಂತೆಯೇ ಇಲ್ಲವಲ್ಲ ಅನ್ನುತ್ತಾರೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮದು ಮುರಕಲ್ಲಿನ ನೆಲ, ನೀರು ನಿಲ್ಲುವುದಿಲ್ಲ, ಬೇಗ ಇಳಿದು ಹೊಳೆ ಸೇರುತ್ತದೆ. ಏಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ. 2019ರ ಮೇ ತಿಂಗಳಲ್ಲಿ ಉಡುಪಿಗೆ ನೀರು ಕೊಡುವ ಸ್ವರ್ಣಾ ಹೊಳೆಯ ಬಜೆ ಅಣೆಕಟ್ಟಿನಲ್ಲೂ ನೀರು ಬತ್ತಿತು, ನಳ್ಳಿ ನೀರಿಗೂ ಕಷ್ಟವಾಯಿತು. ಆ ವರ್ಷ ನಮ್ಮ ಬಸಳೆ ಚಪ್ಪರ ಪೂರ್ತಿ ಒಣಗಿತು. ಅತ್ತೆ ಹತ್ತು ವರ್ಷದಿಂದ ಅದೇ ಬಳ್ಳಿಯ ತುಂಡು ನೆಟ್ಟು ನೆಟ್ಟು ಉಳಿಸಿಕೊಂಡು ಬಂದಿದ್ದರು. ಅವರು ಅದನ್ನು ನೋಡಿ ಏನೂ ಹೇಳಲಿಲ್ಲ, ಒಳಗೆ ಹೋಗಿ ಕೂತರು. ಅವತ್ತೇ ನಾನು ಮನೆಯಿಂದ ಸುಮ್ನೆ ಚರಂಡಿಗೆ ಹೋಗುವ ನೀರನ್ನು ಲೆಕ್ಕ ಹಾಕಲು ಶುರು ಮಾಡಿದ್ದು.

ಮೊದಲು ಕಣ್ಣಿಗೆ ಬಿದ್ದದ್ದು ವಾಷಿಂಗ್ ಮೆಷಿನ್. ನಮ್ಮದು 7 ಕೆಜಿಯ ಫ್ರಂಟ್ ಲೋಡ್. ಒಂದು ದಿನ ಅದರ ಡ್ರೈನ್ ಪೈಪನ್ನು ಬಕೆಟ್‌ಗೆ ಹಿಡಿದು ಅಳೆದೆ. ಸೋಪಿನ ನೀರು ಒಂದು ಬಕೆಟ್, ಆಮೇಲೆ ಜಾಲಿಸಿದ ನೀರು ಮೂರು ಸಲ, ಪ್ರತಿ ಸಲ ಒಂದು ಬಕೆಟ್‌ಗೆ ಸ್ವಲ್ಪ ಕಡಿಮೆ. ಒಟ್ಟು 60 ಲೀಟರ್ ಹತ್ತಿರ. ವಾರಕ್ಕೆ ನಾಲ್ಕು ಸಲ ಬಟ್ಟೆ ಹಾಕಿದರೆ 240 ಲೀಟರ್. ನಾಲ್ಕು ಬಾಳೆಗೆ ಇದು ದೊಡ್ಡ ಆಸರೆ.

ಡ್ರೈನ್ ಪೈಪಿಗೆ ಉದ್ದದ ಹೋಸ್ ಜೋಡಿಸಿ ಸೀದಾ ಬಾಳೆ ಬುಡಕ್ಕೆ ಬಿಟ್ಟೆ. ಹಿತ್ತಿಲು ಮನೆಯಿಂದ ಮೂರು ಅಡಿ ತಗ್ಗಿನಲ್ಲಿದೆ, ನೀರು ತಾನಾಗಿ ಇಳಿದು ಹೋಗುತ್ತದೆ ಎಂದು ಖುಷಿ. ಎರಡು ಗಂಟೆಯಾದರೂ ಮೆಷಿನ್ ನಿಲ್ಲಲಿಲ್ಲ, ನಿಮಿಷ ತೋರಿಸುವ ಅಂಕಿ ಕೆಳಗೆ ಇಳಿಯಲೇ ಇಲ್ಲ. ಹಿತ್ತಿಲಿಗೆ ಹೋಗಿ ನೋಡಿದರೆ ಹೋಸಿನಿಂದ ನೀರು ಒಂದೇ ಸಮ ಹರಿಯುತ್ತಿದೆ. ಮೆಷಿನ್ ತುಂಬುತ್ತಾ ಇದೆ, ತುಂಬಿದ ಹಾಗೇ ನೀರು ಹೊರಗೆ ಹೋಗುತ್ತಾ ಇದೆ. ನೀರು ಉಳಿಸಲು ಹೋಗಿ ಬಾವಿಯ ಅರ್ಧ ನೀರು ಖಾಲಿ.

ಪ್ಲಂಬರ್ ಬಂದು ನೋಡಿದ ಕೂಡಲೇ ಹೇಳಿದರು. “ಅಕ್ಕ, ಇದು ಸೈಫನ್ ಆಗಿದೆ. ಪೈಪು ಮೊದಲು ಮೇಲೆ ಹೋಗಬೇಕು, ಆಮೇಲೆ ಕೆಳಗೆ ಬರಬೇಕು. ಬಾಯಿ ಕೆಳಗೆ ಇದ್ದರೆ ನೀರು ಎಳೆದುಕೊಂಡು ಹೋಗುತ್ತದೆ.”

“ಹಾಗಾದರೆ ಎಂತ ಮಾಡುವುದು ಮಾರಾಯ್ರೆ?”

ಅವರು ಮಾಡಿದ್ದು ಇಷ್ಟು. ಮೆಷಿನ್ ಪಕ್ಕದ ಗೋಡೆಗೆ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿದರು, ಅದರ ಬಾಯಿ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ. ಮೆಷಿನ್ನಿನ ಹೋಸಿನ ತುದಿಯನ್ನು ಆ ಬಾಯಿಗೆ ಸಡಿಲವಾಗಿ ನೇತು ಹಾಕಿದರು. ಟೇಪ್ ಸುತ್ತಿ ಬಿಗಿ ಮಾಡಬಾರದು, ಸುತ್ತಲೂ ಗಾಳಿ ಆಡಬೇಕು, ಗಾಳಿ ಒಳಗೆ ಹೋದರೆ ನೀರು ಎಳೆಯುವುದು ನಿಲ್ಲುತ್ತದೆ. ಅಲ್ಲಿಂದ ಹಿತ್ತಿಲವರೆಗೆ ಪಿವಿಸಿ, ಹತ್ತು ಅಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು. ಮೆಷಿನ್ನಿನ ಚಿಕ್ಕ ಪಂಪು ನೀರನ್ನು ಎರಡೂವರೆ ಅಡಿ ಎತ್ತಿದರೆ ಸಾಕು, ಉಳಿದ ದಾರಿ ನೀರು ತಾನಾಗಿ ಹೋಗುತ್ತದೆ. ಮೊದಲು ನಾನು ಹಾಕಿದ ಹಾಗೆ ಉದ್ದದ ಹೋಸನ್ನು ಪಂಪಿಗೇ ಕಟ್ಟಿದರೆ ಪಂಪು ಬೇಗ ಹಾಳಾಗುತ್ತದೆ ಎಂದೂ ಹೇಳಿದರು.

ಪೈಪಿನ ದಾರಿಯಲ್ಲಿ ಎರಡು ಬಾಲ್ ವಾಲ್ವ್ ಇವೆ. ಒಂದು ಚರಂಡಿಗೆ, ಒಂದು ಬಾಳೆಗೆ. ಮೊದಲ ಸೋಪಿನ ನೀರು ಚರಂಡಿಗೆ ಬಿಡುತ್ತೇನೆ. ನಮ್ಮ ಮೆಷಿನ್‌ನಲ್ಲಿ ಅದು ಶುರುವಾಗಿ 25 ನಿಮಿಷಕ್ಕೆ ಬರುತ್ತದೆ, ಪಂಪಿನ ಸದ್ದು ಅಡುಗೆಮನೆಗೇ ಕೇಳುತ್ತದೆ. ಅದು ನಿಂತ ಮೇಲೆ ವಾಲ್ವ್ ತಿರುಗಿಸಿದರೆ ಜಾಲಿಸಿದ ನೀರು ಬಾಳೆಗೆ.

ಬಾಳೆ ಮಧ್ಯೆ ಮೂರು ಅಡಿ ಅಗಲ, ಎರಡು ಅಡಿ ಆಳದ ಹೊಂಡ ತೆಗೆಸಿದ್ದೇನೆ. ಅಡಿಯಲ್ಲಿ ತೆಂಗಿನ ಸಿಪ್ಪೆ, ಮೇಲೆ ತರಗೆಲೆ. ನೀರು ಆ ಹೊಂಡಕ್ಕೇ ಬೀಳುತ್ತದೆ. ಬಟ್ಟೆಯ ನಾರು, ಧೂಳು ಎಲ್ಲ ಸಿಪ್ಪೆ ಹಿಡಿದುಕೊಳ್ಳುತ್ತದೆ. ಮೊದಲು ಹಳೆ ಬನಿಯನ್ ತುಂಡನ್ನು ಪೈಪಿನ ಬಾಯಿಗೆ ಕಟ್ಟಿದ್ದೆ, ಮೂರು ದಿನಕ್ಕೆ ಕಟ್ಟಿಕೊಂಡು ನೀರು ಮೇಲಿನ ಬಾಯಿಯಿಂದ ಉಕ್ಕಿ ಮೆಷಿನ್ ಕೆಳಗೆಲ್ಲ ನೀರು. ಸಿಪ್ಪೆಯೇ ವಾಸಿ. ಹೊಂಡ ಬಾವಿಯಿಂದ ದೂರ ಇರಲಿ. ಮುರಕಲ್ಲಿನಲ್ಲಿ ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ಇಲ್ಲಿಯವರಿಗೆ ಗೊತ್ತೇ ಇದೆ. ನಮ್ಮದು ಬಾವಿಯಿಂದ 50 ಅಡಿ ದೂರ, ಅದೂ ತಗ್ಗಿನ ಬದಿಗೆ. ಮತ್ತೆ ಈ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ ಇಡಬೇಡಿ, ಮರುದಿನಕ್ಕೇ ವಾಸನೆ ಬರುತ್ತದೆ.

ಇದೆಲ್ಲ ಸರಿಯಾದ ಮೇಲೆ ಆಸೆ ಜಾಸ್ತಿಯಾಗಿ ಒಂದು ತಪ್ಪು ಮಾಡಿದೆ. ಇದೇ ನೀರನ್ನು ಮಲ್ಲಿಗೆ ಚಟ್ಟಿಗೂ ಹಾಕಿದೆ. ಒಂದು ತಿಂಗಳಲ್ಲಿ ಚಿಗುರು ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ನೀರು ಕಡಿಮೆಯಾಯಿತು ಅಂದುಕೊಂಡು ಇನ್ನೂ ಜಾಸ್ತಿ ಅದನ್ನೇ ಹಾಕಿದೆ. ಮೊಗ್ಗು ಉದುರಲು ಶುರುವಾಯಿತು. ಆಮೇಲೆ ಗೊತ್ತಾದದ್ದು, ಅದು ಕಬ್ಬಿಣದ ಕೊರತೆ. ನಮ್ಮದು ಹುಳಿ ಮಣ್ಣು, ಅದರಲ್ಲಿ ಕಬ್ಬಿಣಕ್ಕೆ ಕೊರತೆ ಇಲ್ಲ, ಮಣ್ಣಿನ ಕೆಂಪು ಬಣ್ಣವೇ ಅದರದ್ದು. ಆದರೆ ಸೋಪಿನ ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಅದು ಕ್ಷಾರ. ಜಾಲಿಸಿದ ನೀರಿನಲ್ಲೂ ಸ್ವಲ್ಪ ಉಳಿದಿರುತ್ತದೆ. ಚಟ್ಟಿಯ ಒಂದು ಹಿಡಿ ಮಣ್ಣಿನಲ್ಲಿ ಅದು ಸೇರುತ್ತಾ ಹೋದರೆ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಬಾಳೆಗೆ, ತೆಂಗಿಗೆ ಹೀಗಾಗುವುದಿಲ್ಲ, ಅವು ನೆಲದಲ್ಲಿವೆ, ಮಣ್ಣು ಬೇಕಾದಷ್ಟಿದೆ, ಮಳೆಗಾಲದಲ್ಲಿ ಎಲ್ಲ ತೊಳೆದು ಹೋಗುತ್ತದೆ. ಆವತ್ತಿನಿಂದ ನಾನು ಪುಡಿ ಬಿಟ್ಟು ಲಿಕ್ವಿಡ್ ಬಳಸುತ್ತೇನೆ, ಅದರಲ್ಲಿ ಸೋಡಾ ಕಡಿಮೆ. ಬ್ಲೀಚ್ ಹಾಕಿದ ದಿನ, ಮಗುವಿನ ಬಟ್ಟೆ ಒಗೆದ ದಿನ ಎಲ್ಲ ನೀರೂ ಚರಂಡಿಗೇ. ಬಸಳೆ, ಹರಿವೆ ಅಂತ ಎಲೆ ತಿನ್ನುವ ಯಾವುದಕ್ಕೂ ಮೆಷಿನ್ ನೀರು ಹಾಕುವುದಿಲ್ಲ.

ಮಲ್ಲಿಗೆಯನ್ನು ಬದುಕಿಸಿದ್ದು ಎಸಿ ನೀರು.

ಇದು ನಮ್ಮ ಕರಾವಳಿಗೆ ಸಿಕ್ಕ ಭಾಗ್ಯ ಅನ್ನಬೇಕು. ತಣ್ಣೀರಿನ ಸ್ಟೀಲ್ ಲೋಟದ ಹೊರಗೆ ಹನಿ ಕೂರುತ್ತದಲ್ವಾ, ಎಸಿ ಒಳಗಿನ ತಣ್ಣನೆಯ ಕಾಯಿಲ್ ಮೇಲೂ ಹಾಗೇ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಷ್ಟೂ ನೀರು ಜಾಸ್ತಿ. ಏಪ್ರಿಲ್‌ನಲ್ಲಿ ನಮ್ಮ ಒಂದು ಟನ್ ಎಸಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಐದರವರೆಗೆ ಓಡಿದರೆ 10 ಲೀಟರಿನ ಬಕೆಟ್ ತುಂಬುತ್ತದೆ. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಹಿಡಿದರೆ 15 ತೋರಿಸುತ್ತದೆ, ಅಂದರೆ ಅದರಲ್ಲಿ ಉಪ್ಪಿನಂಶ ಇಲ್ಲವೇ ಇಲ್ಲ ಅನ್ನಬಹುದು. ಹತ್ತು ದಿನ ಬೆಳಿಗ್ಗೆ ಬೆಳಿಗ್ಗೆ ಅದೇ ನೀರನ್ನು ಚಟ್ಟಿಯ ಅಡಿಯಿಂದ ಹೊರಗೆ ಬರುವಷ್ಟು ಹೊಯ್ದೆ, ಸೋಡಾ ತೊಳೆದು ಹೋಗಲಿ ಎಂದು. ಆಮೇಲೆ ಒಂದೊಂದು ಹಿಡಿ ಸುಡುಮಣ್ಣು (ತರಗೆಲೆಯ ಜೊತೆ ಸುಟ್ಟ ಮಣ್ಣು) ಹಾಕುವ ಅಂದುಕೊಂಡೆ, ಬೇಡ ಅನಿಸಿತು, ಅದರಲ್ಲಿರುವ ಬೂದಿಯೂ ಕ್ಷಾರವೇ ಅಲ್ವಾ, ಹಳೆಯ ಸೆಗಣಿ ಗೊಬ್ಬರ ಮಾತ್ರ ಹಾಕಿದೆ. ಹೊಸ ಚಿಗುರು ಹಸಿರಾಗಿ ಬಂತು. ಮಲ್ಲಿಗೆ ಮಾರುವವರ ಲೆಕ್ಕದಲ್ಲಿ 800 ಹೂವಿಗೆ ಒಂದು ಚೆಂಡು ಅನ್ನುತ್ತಾರೆ, ನನ್ನ ನಾಲ್ಕು ಗಿಡದಲ್ಲಿ ಅಷ್ಟು ಎಲ್ಲಿ ಬರಬೇಕು, ಆದರೆ ದೇವರಿಗೆ ಮತ್ತು ಅತ್ತೆಯ ಮುಡಿಗೆ ದಿನವೂ ಇದೆ.

ಆಂಥೂರಿಯಂ, ಆರ್ಕಿಡ್ ಬೆಳೆಸುವವರು ಇದನ್ನು ಬಿಡಲೇಬೇಡಿ, ಅವಕ್ಕೆ ಉಪ್ಪಿಲ್ಲದ ನೀರೇ ಇಷ್ಟ. ಆದರೆ ಇನ್ವರ್ಟರ್ ಬ್ಯಾಟರಿಗೆ ಹಾಕಬೇಡಿ, ಕಾಯಿಲ್‌ನ ಧೂಳು, ಲೋಹದ ಅಂಶ ಅದರಲ್ಲಿ ಬಂದಿರುತ್ತದೆ. ಕುಡಿಯುವುದಂತೂ ಬೇಡವೇ ಬೇಡ.

ಸೊಳ್ಳೆಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಮಂಗಳೂರಿನಲ್ಲಿ ತಂಗಿಯ ಫ್ಲ್ಯಾಟಿನಲ್ಲಿ ಎಸಿ ಬಕೆಟ್ ಬಾಲ್ಕನಿಯ ಮೂಲೆಯಲ್ಲಿ ವಾರಗಟ್ಟಲೆ ಹಾಗೇ ಇತ್ತು, ನಾನು ಹೋದಾಗ ಬಗ್ಗಿ ನೋಡಿದರೆ ಮರಿಗಳು ಕುಣಿಯುತ್ತಿದ್ದವು. ಮಂಗಳೂರಿಗೆ ಮಲೇರಿಯಾ, ಡೆಂಗ್ಯೂ ಹೊಸದಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ದಿನವೂ ಬಕೆಟ್ ಖಾಲಿ ಮಾಡಬೇಕು, ವಾರಕ್ಕೊಮ್ಮೆ ಒಳಬದಿಯನ್ನು ತಿಕ್ಕಿ ತೊಳೆಯಬೇಕು. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಬಕೆಟಿನ ಗೋಡೆಗೆ ಅಂಟಿಕೊಂಡಿರುತ್ತದೆ, ಬರೀ ನೀರು ಚೆಲ್ಲಿದರೆ ಅದು ಹೋಗುವುದಿಲ್ಲ.

ಇನ್ನು ಕುಡಿಯುವ ನೀರಿನ ಆರ್‌ಒ, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶ ತೆಗೆಯುವ ಫಿಲ್ಟರ್. ಮಾರಲು ಬಂದವರು ಹೇಳಿದರು, ನಾವು ಹಾಕಿಸಿದೆವು. ಮಲ್ಲಿಗೆಗಾಗಿ ಟಿಡಿಎಸ್ ಮೀಟರ್ ತಂದ ಮೇಲೆ ಬಾವಿ ನೀರಿಗೂ ಹಿಡಿದು ನೋಡಿದೆ. 64. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ 500ರ ಒಳಗೆ. 64 ಇರುವ ನೀರಿಗೆ ಆರ್‌ಒ ಯಾಕೆ? ಒಂದು ಲೀಟರ್ ಕೊಡಲು ನಮ್ಮದು ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತಿತ್ತು, ಅದೂ ಬಾವಿ ಬತ್ತುವ ಮೇ ತಿಂಗಳಲ್ಲಿ. ಅದನ್ನು ತೆಗೆಸಿ ಯುವಿ, ಅಂದರೆ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಫಿಲ್ಟರ್ ಹಾಕಿಸಿದೆ, ಅದರಲ್ಲಿ ನೀರು ಪೋಲಾಗುವುದಿಲ್ಲ. ಮೀಟರ್ ರೋಗಾಣು ತೋರಿಸುವುದಿಲ್ಲ, ಅದಕ್ಕೇ ಯುವಿ ಬೇಕು, ಇಲ್ಲವೇ ಕುದಿಸಿ ಕುಡಿಯಬೇಕು. ಸಮುದ್ರದ ಬದಿ, ಹೊಳೆಯ ಬದಿ ಮನೆ ಇರುವವರ ಕಥೆ ಬೇರೆ. ಅಲ್ಲಿ ಬೇಸಿಗೆಗೆ ಬಾವಿಯಲ್ಲಿ ಉಪ್ಪು ಏರುತ್ತದೆ, ಆರ್‌ಒ ಬೇಕಾಗಬಹುದು. ಆಗ ಅದು ಹೊರಗೆ ಬಿಡುವ ನೀರು ಇನ್ನೂ ಉಪ್ಪು. ತೆಂಗಿಗೆ ಹಾಕಿ, ತರಕಾರಿಗೆ ಬೇಡ.

ಬಸಳೆಗೆ ಯಾವ ಮೆಷಿನ್ನೂ ಬೇಕಾಗಲಿಲ್ಲ. ಅತ್ತೆ ಪಕ್ಕದ ಮನೆಯ ಅಕ್ಕನಿಂದ ಎರಡು ತುಂಡು ಬಳ್ಳಿ ಕೇಳಿ ತಂದರು, ಅದು ಮೊದಲು ನಮ್ಮಿಂದಲೇ ಹೋದ ಬಳ್ಳಿ. ಅಕ್ಕಚ್ಚು, ಮೀನು ತೊಳೆದ ನೀರು, ತರಕಾರಿ ತೊಳೆದ ನೀರು, ಎಲ್ಲ ಒಂದು ಪಾತ್ರೆಯಲ್ಲಿ ಸೇರಿಸಿ ಸಂಜೆ ಬುಡಕ್ಕೆ ಹೊಯ್ಯುತ್ತಾರೆ. ಬುಡದ ಸುತ್ತ ತೆಂಗಿನ ಸಿಪ್ಪೆ ಬೋರಲು ಹಾಕಿದ್ದೇವೆ, ಎರಡು ದಿನ ನೀರು ಇಲ್ಲದಿದ್ದರೂ ಮಣ್ಣು ತಣ್ಣಗಿರುತ್ತದೆ. ಈ ಮೇ ತಿಂಗಳಲ್ಲಿ ಬಾವಿಯಲ್ಲಿ ಮೂರು ಅಡಿ ನೀರು ಇದ್ದಾಗಲೂ ವಾರಕ್ಕೊಮ್ಮೆ ಬಸಳೆ ಪದಾರ್ಥ ಆಗಿದೆ.

ಜೂನ್‌ನಲ್ಲಿ ಮಳೆ ಹಿಡಿದ ದಿನ ಬಾಳೆಯ ವಾಲ್ವ್ ಬಂದ್ ಮಾಡಿ ಎಲ್ಲವನ್ನೂ ಚರಂಡಿಗೆ ತಿರುಗಿಸುತ್ತೇನೆ, ಇಲ್ಲದಿದ್ದರೆ ಹೊಂಡ ತುಂಬಿ ಬಾಳೆ ಗಡ್ಡೆ ಕೊಳೆಯುತ್ತದೆ. ಹಳೆ ಸಿಪ್ಪೆ ತೆಗೆದು ತೆಂಗಿನ ಬುಡಕ್ಕೆ ಹಾಕುತ್ತೇನೆ. ಹೊಸ ಸಿಪ್ಪೆ ತುಂಬಿಸುವುದು ಮತ್ತೆ ಡಿಸೆಂಬರ್‌ಗೆ.