ಬಿಸಾಕುತ್ತಿದ್ದ ಮಿದುಳು: ಹಣ್ಣುನೊಣದಲ್ಲಿ ಕೋಶ ವಿಭಜನೆ ನೋಡಿದ ನನ್ನ ಅನುಭವ

ಬಿಎಸ್ಸಿ ಝೂವಾಲಜಿ ಓದಿದವರಲ್ಲಿ ಬಹಳ ಜನ ಹಣ್ಣುನೊಣದ ಲಾರ್ವಾ, ಅಂದರೆ ಮರಿಹುಳ ಕೊಯ್ದಿರುತ್ತಾರೆ. ಬಾಯಿಯ ಕೊಕ್ಕೆ ಹಿಡಿದು ಎಳೆದರೆ ಜೊಲ್ಲುಗ್ರಂಥಿ ಹೊರಬರುತ್ತದೆ. ಅದರ ಪಟ್ಟೆಪಟ್ಟೆ ದೈತ್ಯ ಕ್ರೋಮೋಸೋಮ್ (ವರ್ಣತಂತು) ನೋಡಿ, ಚಿತ್ರ ಬರೆದು, ಸಹಿ ಹಾಕಿಸಿಕೊಂಡರೆ ಮುಗಿಯಿತು. ಗ್ರಂಥಿಯ ಜೊತೆಗೇ ಎರಡು ಪುಟ್ಟ ಗುಂಡುಗಳು ಬಂದಿರುತ್ತವೆ. ಅದು ಮಿದುಳು. ಅದನ್ನು ಒರೆಸಿ ಬಿಸಾಕುತ್ತೇವೆ. ಕೋಶ ವಿಭಜನೆ ನೋಡಲು ಬೇಕಾದದ್ದು ಅದೇ! ಜೊಲ್ಲುಗ್ರಂಥಿಯ ಕೋಶಗಳು ಡಿಎನ್‌ಎ ನಕಲು ಮಾಡುತ್ತಲೇ ಇರುತ್ತವೆ, ಎರಡಾಗುವುದಿಲ್ಲ. ಮಿದುಳಿನ ನ್ಯೂರೋಬ್ಲಾಸ್ಟ್‌ಗಳು, ಅಂದರೆ ನರಕೋಶಗಳನ್ನು ಹುಟ್ಟಿಸುವ ಕೋಶಗಳು ಮಾತ್ರ ಬಿಡದೆ ವಿಭಜನೆ ಆಗುತ್ತಿರುತ್ತವೆ.

ತುಮಕೂರಿನ ನಮ್ಮ ಕಾಲೇಜಿನಲ್ಲಿ ಇದಕ್ಕೆ ದೊಡ್ಡ ಸಲಕರಣೆ ಏನೂ ಬೇಕಾಗಲಿಲ್ಲ. ನೊಣದ ಆಹಾರಕ್ಕೆ ಮೈಸೂರು ವಿಶ್ವವಿದ್ಯಾಲಯದವರ ಲೆಕ್ಕ: ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಬೂಸ್ಟು ಬಾರದಂತೆ 7.5 ಮಿ.ಲೀ. ಪ್ರೊಪಿಯಾನಿಕ್ ಆಮ್ಲ. ಕುದಿಯುವಾಗ ಅಟೆಂಡರ್ ಬಂದು, "ಸಾರ್, ನೊಣಕ್ಕೂ ಸಜ್ಜಿಗೆನಾ?" ಅಂದರು. ತೊಂದರೆ ಕೊಟ್ಟಿದ್ದು ಬಿಸಿಲು. 25 ಡಿಗ್ರಿಯಲ್ಲಿ ಹತ್ತು ದಿನಕ್ಕೆ ಮೊಟ್ಟೆ ನೊಣವಾಗುತ್ತದೆ; 30 ಆಯಿತೆಂದರೆ ಗಂಡುಗಳು ಬರಡಾಗುತ್ತವೆ. ಏಪ್ರಿಲ್‌ನಲ್ಲಿ ಬಾಟ್ಲಿಗಳನ್ನು ಮಡಕೆಯೊಳಗಿಟ್ಟು ಒದ್ದೆ ಗೋಣಿ ಸುತ್ತಿದೆ.

ಗಾಜಿನ ಮೇಲಕ್ಕೆ ಹತ್ತಿದ ಮೂರನೇ ಹಂತದ ಹುಳವನ್ನೇ ಆರಿಸಿ. 0.7% ಉಪ್ಪು ನೀರಿನಲ್ಲಿ ಮಿದುಳು ಬಿಡಿಸಿ, ಸೋಡಿಯಂ ಸಿಟ್ರೇಟ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕೋಶಗಳು ಉಬ್ಬುತ್ತವೆ. ಆಮೇಲೆ ಅಸಿಟೋ-ಆರ್ಸಿನ್ ಬಣ್ಣ, ಕವರ್‌ಸ್ಲಿಪ್, ಮೇಲೆ ಹೆಬ್ಬೆರಳು. ಒತ್ತುವಾಗ ಗಾಜು ಜಾರಬಾರದು, ಅಷ್ಟೇ. ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿದರೆ ವಿಭಜನೆ ಮೆಟಾಫೇಸ್‌ನಲ್ಲಿ, ಅಂದರೆ ಕ್ರೋಮೋಸೋಮ್‌ಗಳು ನಡುವೆ ಸಾಲಾಗುವ ಹಂತದಲ್ಲಿ ನಿಲ್ಲುತ್ತದೆ, ಎಂಟು ಕ್ರೋಮೋಸೋಮ್ ಸಲೀಸಾಗಿ ಎಣಿಸಬಹುದು. ಆದರೆ ಅವು ಎರಡು ಕಡೆಗೆ ಸರಿಯುವ ಅನಾಫೇಸ್ ಸಿಗುವುದಿಲ್ಲ. ಅದಕ್ಕೇ ಹಾಕದ ಸ್ಲೈಡನ್ನೂ ಮಾಡಿ. ಕಾಲ್ಚಿಸಿನ್ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ನಿಜವಾದ ಮಜಾ ಮ್ಯೂಟೆಂಟ್‌ನಲ್ಲಿ, ಅಂದರೆ ಜೀನ್ ಬದಲಾಗಿರುವ ನೊಣದಲ್ಲಿ. ನಾನು ತರಿಸಿಕೊಂಡದ್ದು ಪೋಲೋ ಎಂಬ ಜೀನ್ ಕೆಟ್ಟಿರುವ ನೊಣ. 1988ರಲ್ಲಿ ಸಂಕೆಲ್ ಮತ್ತು ಗ್ಲೋವರ್ ವಿವರಿಸಿದ್ದು; ಇದನ್ನು ಹೋಲುವ ಜೀನ್ ಮನುಷ್ಯರಾದ ನಮ್ಮಲ್ಲೂ ಇದೆ. ಕೆಟ್ಟ ಜೀನಿರುವ ಕ್ರೋಮೋಸೋಮಿಗೆ ಜೋಡಿಯಾಗಿ, ಆ ಜೀನ್ ತಳಿಯಿಂದ ಕಳೆದುಹೋಗದಂತೆ ಕಾಯುವ ಟಿಎಂ6ಬಿ ಎಂಬ ಬ್ಯಾಲೆನ್ಸರ್ ಕ್ರೋಮೋಸೋಮ್ ಇರುತ್ತದೆ, ಅದರಲ್ಲಿ ಟಬ್ಬಿ ಗುರುತು. ಅದಿರುವ ಹುಳ ಗಿಡ್ಡ, ದಪ್ಪ. ಎರಡೂ ಬ್ಯಾಲೆನ್ಸರ್ ಆದವು ಸಾಯುತ್ತವೆ. ಉಳಿದವುಗಳಲ್ಲಿ ಮೂರಕ್ಕೆ ಒಂದು ಉದ್ದನೆಯದು. ಜೀನಿನ ಎರಡೂ ಪ್ರತಿ ಕೆಟ್ಟಿರುವುದು ಅದರಲ್ಲೇ, ನಮಗೆ ಬೇಕಾದದ್ದು ಅದು. ಅದರ ಮಿದುಳಿನಲ್ಲಿ ಕ್ರೋಮೋಸೋಮ್‌ಗಳು ಮುದುರಿಕೊಂಡು ಚೆಲ್ಲಾಪಿಲ್ಲಿ ಬಿದ್ದಿದ್ದವು. ಕೆಲವು ಕೋಶಗಳಲ್ಲಿ ಎಂಟಕ್ಕಿಂತ ಎಷ್ಟೋ ಜಾಸ್ತಿ.

ವಿಭಜನೆಯೇ ಸರಿ ಇಲ್ಲದಿದ್ದರೆ ಹುಳ ಇಷ್ಟು ದೊಡ್ಡದಾದದ್ದು ಹೇಗೆ? ಒಬ್ಬ ವಿದ್ಯಾರ್ಥಿನಿ ಕೇಳಿದಳು, ಒಳ್ಳೆ ಪ್ರಶ್ನೆ. ತಾಯಿಯಲ್ಲಿ ಒಂದು ಜೀನ್ ಸರಿ ಇದೆಯಲ್ವಾ? ಅವಳು ಮೊಟ್ಟೆಗೆ ತುಂಬಿಕೊಟ್ಟ ಸರಕಿನಲ್ಲೇ ಭ್ರೂಣದ ವಿಭಜನೆಗಳು ನಡೆದುಹೋಗುತ್ತವೆ. ಮರಿಯಾದ ಮೇಲೆ ಹೆಚ್ಚಿನ ಕೋಶಗಳು ಸುಮ್ನೆ ಹಿಗ್ಗುತ್ತವೆ, ಒಡೆಯುವುದಿಲ್ಲ. ಮಿದುಳು ಮತ್ತು ಮುಂದೆ ರೆಕ್ಕೆ, ಕಾಲು ಆಗುವ ಡಿಸ್ಕ್‌ಗಳಿಗೆ ಮಾತ್ರ ಆ ಜೀನಿನ ಕೊರತೆ ತಟ್ಟುತ್ತದೆ.

ಇಂಥ ಹುಳಗಳು ಬೆಳೆಯುವುದೂ ನಿಧಾನ. ದಪ್ಪನೆಯವು ಪ್ಯೂಪಾ ಆದವು ಅಂತ ಬಾಟ್ಲಿ ತೊಳೆಯಲು ಕೊಡಬೇಡಿ, ಇನ್ನೊಂದೆರಡು ದಿನ ಕಾಯಿರಿ.