ಡೆಂಗಿ ಟೈಟರ್: ವಾರದ ಕೆಲಸ ಎರಡೂವರೆ ದಿನಕ್ಕೆ

ಟೈಟರ್ ಅಂದರೆ ಒಂದು ಮಿಲಿಯಲ್ಲಿ ಸೋಂಕು ಹಚ್ಚಬಲ್ಲ ವೈರಸ್ ಎಷ್ಟಿದೆ ಅನ್ನುವ ಲೆಕ್ಕ. ಹಳೆಯ ವಿಧಾನದಲ್ಲಿ ವೀರೋ ಸೆಲ್ (ಮಂಗದ ಕಿಡ್ನಿಯ ಕೋಶ) ಮೇಲೆ ಡೆಂಗಿ-2ರ (ಡೆಂಗಿ ವೈರಸ್ಸಿನ ಎರಡನೇ ಬಗೆ) ಪ್ಲಾಕ್, ಅಂದರೆ ಕೋಶ ಸತ್ತು ಆದ ತೂತು, ಮೂಡಲು ಆರೇಳು ದಿನ ಬೇಕು. ಬೆಳಗಾವಿ ಮಳೆಗಾಲದಲ್ಲಿ ಅಷ್ಟು ದಿನ ಕರೆಂಟ್ ನೆಟ್ಟಗಿರುತ್ತದಾ? ಇನ್‌ಕ್ಯುಬೇಟರ್ ತಣ್ಣಗಾಗಿ, ಸೆಲ್ ಪದರ ಎದ್ದು ಬಂದು, ಎಷ್ಟೋ ಪ್ಲೇಟ್ ಬಿಸಾಡಿದ್ದೇವೆ. ಅದಕ್ಕೇ ಫೋಕಸ್ ಅಸ್ಸೇ ಹಿಡಿದೆ: ಕೋಶ ಸಾಯುವ ತನಕ ಕಾಯದೆ, ಸೋಂಕು ತಗುಲಿದ ಕೋಶಗಳ ಗುಂಪಿಗೆ (ಫೋಕಸ್) ಬಣ್ಣ ಬರಿಸಿ ಎಣಿಸುವುದು. ನಮ್ಮ ಲ್ಯಾಬಿನಲ್ಲಿ ಇದು ಆಗೋದಿಲ್ಲ ಅಂದವರೇ ಜಾಸ್ತಿ.

96 ವೆಲ್ (ಪುಟ್ಟ ಗುಳಿ) ಪ್ಲೇಟ್, ವೆಲ್‌ಗೆ 50 ಮೈಕ್ರೋಲೀಟರ್ ವೈರಸ್, ಮೇಲೆ ವೈರಸ್ ದೂರ ಹರಡದ ಹಾಗೆ ಸಿಎಂಸಿ (ಸೆಲ್ಯುಲೋಸ್ ಅಂಟು) ಓವರ್‌ಲೇ, 48 ಗಂಟೆ. ಆಮೇಲೆ ಫಿಕ್ಸ್ ಮಾಡಿ ವೈರಸ್ಸಿಗೆ ಅಂಟುವ 4ಜಿ2 ಆಂಟಿಬಾಡಿ, ಬಣ್ಣ ಹುಟ್ಟಿಸುವ ಕಿಣ್ವ ಎಚ್‌ಆರ್‌ಪಿ, ಕೊನೆಗೆ ಬಣ್ಣ.

ಕಾಡಿದ್ದು ಎರಡು. ಒಂದು, ಇಡೀ ವೆಲ್ ಕಂದು ಬಣ್ಣವಾಗುವುದು. ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದ ಹಾಗೆ ತಡೆಯುವ ಹಾಲಿನ ಪುಡಿಯ ಬ್ಲಾಕಿಂಗ್ ಒಂದು ಗಂಟೆಗೆ ಏರಿಸಿ, ಆಂಟಿಬಾಡಿ ಇನ್ನಷ್ಟು ತೆಳು ಮಾಡಿದ ಮೇಲೆ ತಳ ತಿಳಿಯಾಯಿತು. ಇನ್ನೊಂದು, ಫೋಕಸ್‌ಗೆ ಬಾಲ ಬರುವುದು. ದುಂಡಗಿರಬೇಕಾದ ಚುಕ್ಕೆ ಒಂದೇ ಕಡೆ ಎಳೆದುಕೊಂಡಿರುತ್ತಿತ್ತು. ಓವರ್‌ಲೇ ನೀರಾಗಿದ್ದಾಗ ಪ್ಲೇಟ್ ಅಲುಗಿದರೆ ಹೀಗೆ. ಸಿಎಂಸಿ ಗಟ್ಟಿ ಮಾಡಿ, ಎರಡು ದಿನ ಪ್ಲೇಟ್ ಮುಟ್ಟಬೇಡಿ ಅಂತ ಇನ್‌ಕ್ಯುಬೇಟರ್ ಬಾಗಿಲಿಗೆ ಚೀಟಿ ಅಂಟಿಸಿದೆ.

ಇನ್ನು ದುಡ್ಡು. ರೆಡಿ ಆಂಟಿಬಾಡಿ ಸಣ್ಣ ವಯಲ್‌ಗೇ ಮೂವತ್ತು ಸಾವಿರದ ಮೇಲೆ ಹೇಳಿದರು. ಬೆಂಗಳೂರಿನ ಗೆಳೆಯರೊಬ್ಬರು ಹೈಬ್ರಿಡೋಮಾ (ಈ ಆಂಟಿಬಾಡಿ ಸುರಿಸುವ ಕೋಶ) ಬೆಳೆಸಿದ ಮೀಡಿಯಾವನ್ನೇ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ರಾತ್ರಿ ಬಸ್ಸಿಗೆ ಕಳಿಸಿದರು. ಪ್ಯೂರಿಫೈ ಮಾಡದೆ ಹಾಗೇ ಬಳಸಿದೆ, ಚೆನ್ನಾಗೇ ಹಿಡಿಯಿತು. ಎಚ್‌ಆರ್‌ಪಿ ತಾಗಿದರೆ ನೀಲಿ ಬಣ್ಣ ಕೊಡುವ ಸಬ್‌ಸ್ಟ್ರೇಟ್ ದುಬಾರಿ. ಕಂದು ಬಣ್ಣ ಕೊಡುವ ಡಿಎಬಿ ಸಾಕು, ಗ್ಲೌಸ್ ಮಾತ್ರ ಬಿಡಬೇಡಿ. ಈಗ ಪ್ಲೇಟ್‌ಗೆ ಐನೂರು ರೂಪಾಯಿ ಒಳಗೇ ಮುಗಿಯುತ್ತದೆ.

ನಡುವೆ ಅದೇ ಸ್ಟಾಕ್ ಅನ್ನು ಆರ್‌ಟಿ-ಪಿಸಿಆರ್‌ಗೂ ಹಾಕಿದೆ. ಅರ್ಧ ದಿನದಲ್ಲಿ ಉತ್ತರ ಬಂತು, ಆದರೆ ಅಂಕಿ ನೂರಾರು ಪಟ್ಟು ಜಾಸ್ತಿ. ಸೋಂಕು ಹಚ್ಚಲಾಗದ ಕಣಗಳ ಆರ್‌ಎನ್‌ಎಯನ್ನೂ ಅದು ಎಣಿಸುತ್ತದೆ ಅಲ್ವಾ. ಮೊಬೈಲ್ ಫೋಟೋದಲ್ಲಿ ಎಣಿಸುವುದನ್ನೂ ನೋಡಿದೆ. ವೆಲ್ ಅಂಚಿನ ನೆರಳು ಬಿಡಲಿಲ್ಲ.

ಕೊನೆಗೆ ಒಂದೇ ಟ್ಯೂಬಿನ ವೈರಸ್ಸನ್ನು ಫೋಕಸ್, ಪ್ಲಾಕ್ ಎರಡೂ ವಿಧಾನಕ್ಕೆ ಹಾಕಿದೆ. ಸಾವಿರ ಪಟ್ಟು ತೆಳು ಮಾಡಿದ ವೆಲ್‌ಗಳಲ್ಲಿ ಎಳ್ಳು ಚೆಲ್ಲಿದ ಹಾಗೆ ಸರಾಸರಿ 40 ಚುಕ್ಕೆ. ಅಂದರೆ ಮಿಲಿಗೆ 8 ಲಕ್ಷ. ಪ್ಲಾಕ್‌ನಲ್ಲಿ ಬಂದಿದ್ದು ಸುಮಾರು 6 ಲಕ್ಷ. ಇಷ್ಟು ಹತ್ತಿರ ಬಂದರೆ ಇನ್ನೇನು ಬೇಕು?

"ನೀವೇ ಎಣಿಸ್ರಿ ಸರ್" ಅಂತ ನಮ್ಮ ಲ್ಯಾಬಿನ ಸರ್‌ಗೆ ಸ್ಟೀರಿಯೋ ಮೈಕ್ರೋಸ್ಕೋಪ್ ಬಿಟ್ಟುಕೊಟ್ಟೆ. ಮೂರು ವೆಲ್ ಎಣಿಸಿದರು. "ಮುಂದಿನ ಬ್ಯಾಚ್ ಇದರಾಗ ಹಚ್ಚು" ಅಂದರು. ಹಚ್ಚಿದ್ದೇನೆ. ಡೆಂಗಿ-1ರ ನಮ್ಮ ಸ್ಟಾಕ್‌ನಲ್ಲಿ ಚುಕ್ಕೆ ಇನ್ನೂ ಸಣ್ಣದು, ಅದನ್ನು 60 ಗಂಟೆ ಬಿಟ್ಟು ನೋಡುತ್ತಿದ್ದೇನೆ.